ತಿಂದು ನೋಡು, ಎಣಿಸಿ ನೋಡು: ಸ್ಕೆಪ್ಟಿಸಿಸಂ ಎಂಬ ಮಾತಿನ ಬಗ್ಗೆ

(ವಿಜಯಪುರದ ಕಾಲೇಜೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಸ್ನೇಹಿತರೇ, ನಮಸ್ಕಾರ.

ಈಗ ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ಹಿರಿಯರು ನನ್ನ ಕೈ ಹಿಡಿದು ನಿಲ್ಲಿಸಿದರು. ಹೊರಗೆ ಅಂಟಿಸಿರುವ ಕಾಗದವನ್ನು ಓದಿದ್ದರು. ಅದರಲ್ಲಿ 'ಸಂದೇಹವಾದ: ಅರ್ಥ ಮತ್ತು ಬಳಕೆ' ಅಂತ ಬರೆದಿದೆ. "ಸರ, ಸಂಶೆ ಭಾಳ ಕೆಟ್ಟದ್ರೀ. ಮನಿಯಾಗ ಒಮ್ಮೆ ಸಂಶೆ ಹೊಕ್ಕಿತಂದ್ರ ಸಂಸಾರ ಉಳಿಯಂಗಿಲ್ಲ. ಅದನ್ನ ಹುಡುಗರಿಗೆ ಯಾಕ ಕಲಸ್ತೀರಿ?" ಅಂದರು.

ನಾನು ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದೇನೆ. ಯಾಕೆಂದರೆ ಅವರು ಹೇಳಿದ್ದು ಪೂರ್ತಿ ನಿಜ. ಅವರು ಹೇಳುವ ಸಂಶೆ ಮನೆ ಮುರಿಯುತ್ತದೆ. ಆದರೆ ನಾನು ಮಾತಾಡಲು ಬಂದಿರುವುದು ಬೇರೆ ಒಂದರ ಬಗ್ಗೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಕೆಪ್ಟಿಸಿಸಂ ಅನ್ನುತ್ತಾರೆ, ಒಪ್ಪುವ ಮೊದಲು ಪರೀಕ್ಷಿಸಿ ನೋಡುವ ಗುಣ. ಎರಡಕ್ಕೂ ನಾವು ಕನ್ನಡದಲ್ಲಿ ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ. ಗೊಂದಲ ಶುರುವಾಗುವುದೇ ಅಲ್ಲಿ.

ನಮ್ಮಲ್ಲಿ ಈ ಗುಂಪಿನ ಪದಗಳು ಎಷ್ಟಿವೆ ನೋಡಿ. ಸಂಶಯ, ಸಂದೇಹ, ಶಂಕೆ, ಅನುಮಾನ, ಗುಮಾನಿ. ಗುಮಾನಿ ಪಾರಸಿಯಿಂದ ಬಂದ ಪದ, ಆದಿಲ್‌ಶಾಹಿಗಳು ಆಳಿದ ಈ ಊರಿಗೆ ಅದು ಹೊಸದಲ್ಲ. ಈ ಪದಗಳನ್ನು ದಿನದ ಮಾತಿನಲ್ಲಿ ಹೇಗೆ ಬಳಸುತ್ತೇವೆ? "ಅವನ ಮೇಲೆ ನನಗೆ ಅನುಮಾನ." "ಗುಮಾನಿ ಮೇಲೆ ಹಿಡಿದುಕೊಂಡು ಹೋದರು." "ಹೆಂಡತಿ ಮೇಲೆ ಸಂಶಯ." ಎಲ್ಲದರಲ್ಲೂ ಒಂದು 'ಮೇಲೆ' ಬರುತ್ತದೆ. ಆ ಅನುಮಾನ ಯಾರದೋ ಒಬ್ಬರ ಮೇಲೆ ಹೋಗಿ ಬೀಳುತ್ತದೆ. ಬಿದ್ದವರಿಗೆ ನೋವಾಗುತ್ತದೆ.

ಅನುಮಾನ ಎಂಬ ಪದಕ್ಕಂತೂ ಅನ್ಯಾಯವೇ ಆಗಿದೆ. ಹಳೆಯ ತರ್ಕಶಾಸ್ತ್ರದಲ್ಲಿ ಅನುಮಾನ ಅಂದರೆ ತಿಳಿದುಕೊಳ್ಳುವ ಒಂದು ದಾರಿ. ಗುಡ್ಡದ ಮೇಲೆ ಹೊಗೆ ಕಾಣುತ್ತಿದೆ, ಹಾಗಾದರೆ ಅಲ್ಲಿ ಬೆಂಕಿ ಇದೆ. ಇದು ಅನುಮಾನ. ಅದೇ ಪದ ನಮ್ಮ ಮನೆಗಳಿಗೆ ಬರುವಷ್ಟರಲ್ಲಿ 'ಗೊತ್ತಿಲ್ಲ, ಆದರೂ ನಂಬಿಕೆ ಇಲ್ಲ' ಎನ್ನುವುದಕ್ಕೆ ಹೆಸರಾಯಿತು. ತಿಳಿಯುವ ದಾರಿಯ ಹೆಸರೇ ತಿಳಿಯದ ಸ್ಥಿತಿಯ ಹೆಸರಾಯಿತು.

ಇನ್ನೊಂದು ಪದ ಇದೆ. ಅದು ನಿಘಂಟಿನ ಕನ್ನಡವಲ್ಲ, ಆದರೆ ನನಗೆ ತುಂಬಾ ಪ್ರೀತಿ ಅದರ ಮೇಲೆ. ಡೌಟು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೆ. ಹಿಂದಿನ ಬೆಂಚಿನಿಂದ ಒಂದು ಹುಡುಗಿ ಅರ್ಧ ಎದ್ದು "ಸರ್, ಒಂದು ಡೌಟು" ಅನ್ನುತ್ತಾಳೆ. ಅದರ ಅರ್ಥ ಏನು? ನೀವು ಸುಳ್ಳು ಹೇಳುತ್ತಿದ್ದೀರಿ ಅಂತಲೇ? ನಾನು ನಿಮ್ಮನ್ನು ನಂಬುವುದಿಲ್ಲ ಅಂತಲೇ? ಅಲ್ವೇ ಅಲ್ಲ. ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಹೇಗೆ ಹೋದಿರಿ, ಅದನ್ನು ತೋರಿಸಿ, ನಾನೂ ಅಲ್ಲಿಗೆ ಬರುತ್ತೇನೆ ಅಂತ. ಈ ಡೌಟು ಯಾರ ಮೇಲೂ ಬೀಳುವುದಿಲ್ಲ. ಕಪ್ಪು ಹಲಗೆಯ ಮೇಲಿನ ಲೆಕ್ಕದ ಕಡೆ ಬೆರಳು ತೋರಿಸುತ್ತದೆ, ಅಷ್ಟೇ. ಸ್ಕೆಪ್ಟಿಸಿಸಂ ಅನ್ನುವುದಕ್ಕೆ ನಾನು ಕಂಡ ಅತ್ಯಂತ ಹತ್ತಿರದ ಬಳಕೆ ಇದು.

ಈ ಇಂಗ್ಲಿಷ್ ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. ಸ್ಕೆಪ್ಸಿಸ್ ಅಂತ. ಅದರ ಮೂಲ ಅರ್ಥ ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು. ಅದರ ಅರ್ಥ ಅಪನಂಬಿಕೆ ಅಂತಲ್ಲ. ನೋಡುವುದು, ಚೆನ್ನಾಗಿ ನೋಡುವುದು, ಪರೀಕ್ಷಿಸುವುದು ಅಂತ. ಸ್ಕೆಪ್ಟಿಕ್ ಅಂದರೆ ನೋಡುವವನು.

ಈಗ ನಮ್ಮ ಕನ್ನಡಕ್ಕೆ ಬನ್ನಿ. ತಿಂದು ನೋಡು. ಮೂಸಿ ನೋಡು. ಎತ್ತಿ ನೋಡು. ಕೇಳಿ ನೋಡು. ಹೋಗಿ ನೋಡು. ಹಾಕಿಕೊಂಡು ನೋಡು. ಇಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಮೂಸುವುದು ಮೂಗಿನಿಂದ, ತಿನ್ನುವುದು ಬಾಯಿಂದ. ಆದರೂ ಕೊನೆಗೆ 'ನೋಡು' ಅನ್ನುತ್ತೇವೆ. ಯಾವ ಕೆಲಸದ ಮುಂದೆ ನೋಡು ಅಂತ ಸೇರಿಸಿದರೂ ಆ ಕೆಲಸ ಒಂದು ಪರೀಕ್ಷೆಯಾಗುತ್ತದೆ. ನಮ್ಮ ಅವ್ವ ಸಾರಿನ ಸೌಟು ಮುಂದೆ ಹಿಡಿದು "ಉಪ್ಪು ನೋಡು" ಅನ್ನುತ್ತಿದ್ದಳು. ಉಪ್ಪು ಕಣ್ಣಿಗೆ ಕಾಣುತ್ತದೆಯೇ? ತಾನು ಮಾಡಿದ ಸಾರಿನ ಮೇಲೆ ತಾನೇ ಒಂದು ಪರೀಕ್ಷೆ ಇಡುತ್ತಿದ್ದಳು. ಅದರಿಂದ ಅವಳಿಗೆ ಅವಮಾನ ಅನ್ನಿಸುತ್ತಿರಲಿಲ್ಲ. ಗ್ರೀಕರು ನೋಡುವ ಮಾತಿನಿಂದ ಒಂದು ತತ್ವಕ್ಕೇ ಹೆಸರಿಟ್ಟರು. ನಾವು ಅದೇ ಮಾತನ್ನು ಅಡುಗೆಮನೆಯಲ್ಲಿ ದಿನಾ ಆಡುತ್ತಿದ್ದೇವೆ.

ಗ್ರೀಸಿನಲ್ಲಿ ಈ ವಿಚಾರ ಪಿರ್ರೋ ಎಂಬುವನ ಹೆಸರಿನೊಂದಿಗೆ ಅಂಟಿಕೊಂಡಿದೆ. ಅವನು ಅಲೆಕ್ಸಾಂಡರನ ದಂಡಿನ ಜೊತೆ ಭಾರತದ ಕಡೆ ಬಂದಿದ್ದ, ಇಲ್ಲಿನ ಬತ್ತಲೆ ಸಾಧುಗಳನ್ನು ಕಂಡಿದ್ದ ಅಂತ ಹಳೆಯ ಗ್ರೀಕ್ ಬರಹಗಳು ಹೇಳುತ್ತವೆ. ಅವನಾದ ಎಷ್ಟೋ ನೂರು ವರ್ಷಗಳ ನಂತರ ಸೆಕ್ಸ್‌ಟಸ್ ಎಂಪಿರಿಕಸ್ ಎಂಬ ವೈದ್ಯ ಈ ವಿಚಾರವನ್ನೆಲ್ಲ ಬರೆದಿಟ್ಟ. ಅವನು ಹುಡುಕುವ ಜನರನ್ನು ಮೂರು ಬಗೆ ಮಾಡುತ್ತಾನೆ. ಸಿಕ್ಕಿತು ಅನ್ನುವವರು ಒಂದು. ಸಿಗುವುದೇ ಇಲ್ಲ ಅನ್ನುವವರು ಇನ್ನೊಂದು. ಇನ್ನೂ ಹುಡುಕುತ್ತಿರುವವರು ಮೂರನೆಯವರು. ಸ್ಕೆಪ್ಟಿಕ್ ಈ ಮೂರನೆಯವನು. ಎರಡನೆಯವನಲ್ಲ. ಇದನ್ನು ದಯವಿಟ್ಟು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ನಮ್ಮ ಊರಿನಲ್ಲೇ ಈ ನೋಡುವವರನ್ನು ಕಾಣಬೇಕಾದರೆ ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಹೋಗಿ. ಒಂದು ಖಿಲಾರಿ ಹೋರಿ ಕೊಳ್ಳಲು ಬಂದ ರೈತ ಏನು ಮಾಡುತ್ತಾನೆ? ಮೊದಲು ದೂರ ನಿಂತು ನೋಡುತ್ತಾನೆ. ಹತ್ತಿರ ಬಂದು ಕಾಲು ನೋಡುತ್ತಾನೆ, ಗೊರಸು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಬಾಯಿ ಬಿಡಿಸಿ ಕೆಳಗಿನ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಅಂತ. ಮಾರುವವನು ವಯಸ್ಸು ಎಷ್ಟು ಅಂತ ಮೊದಲೇ ಹೇಳಿರುತ್ತಾನೆ. ಆದರೂ ಹಲ್ಲು ಎಣಿಸುವುದು ಬಿಡುವುದಿಲ್ಲ.

ಇದರಿಂದ ಮಾರುವವನಿಗೆ ಸಿಟ್ಟು ಬರುತ್ತದೆಯೇ? ಇಲ್ಲ. ಅವನೇ ಮೂಗುದಾರ ಹಿಡಿದು, ತುಟಿ ಸರಿಸಿ, "ನೋಡ್ರಿ ಯಜಮಾನ್ರ" ಅನ್ನುತ್ತಾನೆ. ಬಾಯಿ ತೋರಿಸಲು ಒಪ್ಪದವನ ಹತ್ತಿರ ಯಾರೂ ನಿಲ್ಲುವುದಿಲ್ಲ. ಇನ್ನೂ ಒಂದು ವಿಷಯ. ನೋಡುವುದೆಲ್ಲ ಮುಗಿದ ಮೇಲೆ ರೈತ ಕೈಗೆ ಕೈ ಕೊಟ್ಟು ವ್ಯಾಪಾರ ಮುಗಿಸುತ್ತಾನೆ. ಹಲ್ಲು ಸರಿ ಇವೆ, ಆದರೂ ಇದು ಹೋರಿ ಹೌದೋ ಅಲ್ಲವೋ ಅಂತ ಸಂಜೆವರೆಗೆ ನಿಲ್ಲುವುದಿಲ್ಲ. ನೋಡಿದ್ದು ಸಾಕಾದಾಗ ಒಪ್ಪಿಕೊಳ್ಳುತ್ತಾನೆ. ಇದಿಷ್ಟೂ ಸೇರಿದರೆ ಸ್ಕೆಪ್ಟಿಸಿಸಂ. ಇಂಥ ನಾವೇ ಫೋನಿನಲ್ಲಿ ಬಂದ ಮಾತಿಗೆ ಹಲ್ಲು ಎಣಿಸುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದುಬಿಡುತ್ತೇವೆ.

ಈ ಪದ ಹೊರಗಿನದು, ನಮ್ಮ ಸಂಪ್ರದಾಯಕ್ಕೆ ಹೊಂದುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನ ತೆಗೆದು ನೋಡಿ. ತಿಳಿಯಬೇಕಾದ 16 ವಿಷಯಗಳ ಪಟ್ಟಿ ಅಲ್ಲಿದೆ. ಅದರಲ್ಲಿ ಮೂರನೆಯದೇ ಸಂಶಯ. ಅದಕ್ಕೆ ಅವರು ಕೊಡುವ ಉದಾಹರಣೆ ನನಗೆ ಬಹಳ ಇಷ್ಟ. ಮಬ್ಬುಗತ್ತಲು. ದೂರದಲ್ಲಿ ಏನೋ ನೆಟ್ಟಗೆ ನಿಂತಿದೆ. ಅದು ಮರದ ಬೊಡ್ಡೆಯೋ, ಮನುಷ್ಯನೋ? ಎತ್ತರ ಇಬ್ಬರಿಗೂ ಒಂದೇ. ಕೈಕಾಲು ಕಾಣುತ್ತಿಲ್ಲ. ಆಗ ಮನಸ್ಸು ಹತ್ತಿರ ಹೋಗಿ ನೋಡಬೇಕು ಅನ್ನುತ್ತದೆ. ಗೊತ್ತೇ ಇಲ್ಲದ ವಿಷಯಕ್ಕೂ ತರ್ಕ ಬೇಡ, ಪಕ್ಕಾ ಆದ ವಿಷಯಕ್ಕೂ ಬೇಡ, ಸಂಶಯ ಇರುವಲ್ಲಿ ಮಾತ್ರ ತರ್ಕಕ್ಕೆ ಕೆಲಸ ಅಂತ ಅದಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಹೇಳುತ್ತಾನೆ. ಅಂದರೆ ಸಂಶಯ ಬಾಗಿಲು ಇದ್ದ ಹಾಗೆ. ಅದರಲ್ಲೇ ಹೊಕ್ಕು ಒಳಗೆ ಹೋಗಬೇಕು.

"ಸಂಶಯಾತ್ಮಾ ವಿನಶ್ಯತಿ ಅಂತ ಗೀತೆಯಲ್ಲೇ ಇದೆಯಲ್ಲ" ಅಂತ ನೀವು ಕೇಳಬಹುದು. ಇದೆ, ನಾಲ್ಕನೇ ಅಧ್ಯಾಯದಲ್ಲಿ. ಆ ಬಾಗಿಲಲ್ಲೇ ನಿಂತು ಒಳಗೂ ಹೋಗದೆ ಹೊರಗೂ ಬರದೆ ಉಳಿದವನ ಮಾತು ಅದು. ಆದರೆ ಅರ್ಜುನ ಅಲ್ಲಿಗೆ ಕೇಳುವುದು ನಿಲ್ಲಿಸಿದನೇ? ಕೊನೆಯವರೆಗೂ ಕೇಳುತ್ತಲೇ ಹೋದ. ಹದಿನೆಂಟನೇ ಅಧ್ಯಾಯದಲ್ಲಿ ಕೃಷ್ಣ ಅವನಿಗೆ ಏನು ಹೇಳುತ್ತಾನೆ? ಇದನ್ನೆಲ್ಲ ಪೂರ್ತಿಯಾಗಿ ವಿಮರ್ಶೆ ಮಾಡಿ, ಆಮೇಲೆ ನಿನಗೆ ಸರಿ ಕಂಡಂತೆ ಮಾಡು ಅಂತ. ಆ ಮಾತನ್ನು ನಮ್ಮ ಜನ ಯಾಕೋ ಅಷ್ಟು ನೆನಪಿಸಿಕೊಳ್ಳುವುದಿಲ್ಲ.

ಈಗ ನನ್ನ ಮನೆಯ ವಿಷಯ ಹೇಳುತ್ತೇನೆ. ಇದನ್ನು ವೇದಿಕೆಯ ಮೇಲೆ ಇಲ್ಲಿಯವರೆಗೆ ಹೇಳಿರಲಿಲ್ಲ.

ನಮ್ಮದು ಇಂಡಿ ಕಡೆಯ ಹಳ್ಳಿ. ಅಪ್ಪ ಎರಡು ಎಕರೆ ನಿಂಬೆ ಹಚ್ಚಿದ್ದರು. 2003ರ ಬರದಲ್ಲಿ ಬಾವಿ ತಳ ಕಂಡಿತು. ಗಿಡಗಳು ಎಲೆ ಉದುರಿಸುತ್ತಿದ್ದವು. ಬೋರ್ ಹಾಕಿಸದೆ ಬೇರೆ ದಾರಿ ಇರಲಿಲ್ಲ. ನಮ್ಮ ಕಡೆ ಬೋರ್ ಅಂದರೆ ಮೊದಲು ನೀರು ನೋಡುವವರನ್ನು ಕರೆಯಬೇಕು. ಪಕ್ಕದ ಹಳ್ಳಿಯ ಒಬ್ಬ ಅಜ್ಜ ಇದ್ದರು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ಹೊಲದ ತುಂಬ ನಡೆಯುತ್ತಿದ್ದರು. ನೀರಿದ್ದಲ್ಲಿ ಕಾಯಿ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತಿತ್ತು. ಒಂದು ಪೈಸೆ ಕೇಳುತ್ತಿರಲಿಲ್ಲ. ಕೊಟ್ಟ ಕಾಯಿ, ಒಂದು ಊಟ, ಅಷ್ಟೇ. ಅವರ ಪ್ರಾಮಾಣಿಕತೆ ಬಗ್ಗೆ ನನಗೆ ಆಗಲೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ.

ಮೂರು ವರ್ಷದಲ್ಲಿ ಅಪ್ಪ ಐದು ಬೋರ್ ಕೊರೆಸಿದರು. ಅಪ್ಪ ತೀರಿಕೊಂಡ ಮೇಲೆ ಅವರ ಲೆಕ್ಕದ ವಹಿ ನನ್ನ ಕೈಗೆ ಬಂತು. ಕೆಂಪು ಬಟ್ಟೆಯ ರಟ್ಟಿನದು. ಒಂದು ಪುಟದಲ್ಲಿ ಐದು ಸಾಲು. ತಾರೀಖು, ಎಷ್ಟು ಅಡಿ, ಎಷ್ಟು ರೂಪಾಯಿ, ಯಾರು ತೋರಿಸಿದ್ದು, ಏನಾಯಿತು. ಕೊನೆಯ ಕಾಲಂನಲ್ಲಿ ಮೂರು ಕಡೆ 'ಫೇಲ್'. ಒಂದು ಕಡೆ 'ಒಂದೂವರೆ ಇಂಚು', ಅಂದರೆ ಅಷ್ಟು ನೀರು. ಐದನೆಯದರ ಮುಂದೆ 'ಬರೇ ಧೂಳು' ಅಂತ ಬರೆದಿದ್ದರು. ಆ ಎರಡು ಪದ ಓದಿದಾಗ ಬೋರಿನ ಲಾರಿ ಎಬ್ಬಿಸಿದ ಬಿಳಿ ಧೂಳಿನಲ್ಲಿ ಟವೆಲ್ ಬಾಯಿಗೆ ಒತ್ತಿಕೊಂಡು ನಿಂತಿದ್ದ ಅಪ್ಪ ಕಣ್ಣ ಮುಂದೆ ಬಂದರು.

ಐದರಲ್ಲಿ ನಾಲ್ಕನ್ನು ತೋರಿಸಿದ್ದು ಅಜ್ಜ. ನೀರು ಬಿದ್ದ ಒಂದೂ ಅವರು ತೋರಿಸಿದ್ದೇ. ಇನ್ನೊಂದನ್ನು ತೋರಿಸಿದವರು ಯಂತ್ರ ತಂದು ನೋಡಿದ ಭೂವಿಜ್ಞಾನಿ. ಅದು ಫೇಲ್. ಊರಲ್ಲಿ ಏನಂತ ಮಾತಾಯಿತು ಹೇಳಿ? "ಮಿಷಿನ್ ಸೋತಿತು, ಅಜ್ಜನ ಕಾಯಿ ಗೆದ್ದಿತು." ಅಜ್ಜ ತೋರಿಸಿ ಫೇಲಾದ ಮೂರನ್ನು ಯಾರೂ ಎಣಿಸಲಿಲ್ಲ. ವಹಿ ಮಾತ್ರ ಎಣಿಸಿತ್ತು. ಆದರೆ ಇಲ್ಲಿ ನಾನೂ ಹುಷಾರಾಗಿರಬೇಕು. ಐದು ಬೋರಿನಿಂದ ಏನೂ ಸಾಬೀತಾಗುವುದಿಲ್ಲ. ಅಜ್ಜನ ವಿರುದ್ಧವೂ ಇಲ್ಲ, ಯಂತ್ರದ ಪರವೂ ಇಲ್ಲ. ನಮ್ಮ ಬದುವಿನ ಆಚೆ ಹೊಲದವರು ಯಾರನ್ನೂ ಕೇಳದೆ, ಲಾರಿ ನಿಲ್ಲಲು ಅನುಕೂಲ ಅಂತ ದಾರಿ ಪಕ್ಕದಲ್ಲೇ ಕೊರೆಸಿದರು. ಅವರಿಗೂ ನೀರು ಬಿತ್ತು. ಯಾರೂ ತೋರಿಸದೆ ಕೊರೆದರೆ ಹತ್ತರಲ್ಲಿ ಎಷ್ಟಕ್ಕೆ ನೀರು ಬೀಳುತ್ತದೆ? ಇದು ಗೊತ್ತಿಲ್ಲದೆ ಕಾಯಿಯ ಶಕ್ತಿ ಅಳೆಯುವುದು ಹೇಗೆ? ನಮ್ಮ ನೆಲ ಬಹುತೇಕ ಕರಿಕಲ್ಲಿನದು, ಲಾವಾ ಪದರಪದರವಾಗಿ ಹರಡಿ ಆದದ್ದು. ಮೇಲಿನ ಸವೆದ ಭಾಗದಲ್ಲಿ, ಬಿರುಕುಗಳಲ್ಲಿ, ಎರಡು ಪದರಗಳ ನಡುವೆ ನೀರು ಕೂತಿರುತ್ತದೆ. ಬಿರುಕಿಗೆ ತಾಗಿದರೆ ನೀರು, ಒಂದು ಮಾರು ಆಚೆ ಧೂಳು.

ಒಂದು ವ್ಯತ್ಯಾಸ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. ಆ ಭೂವಿಜ್ಞಾನಿ ಕೊರೆಯುವ ಮೊದಲೇ ಹೇಳಿದ್ದರು: "ಸಿಗಬಹುದು, ಖಾತ್ರಿ ಇಲ್ಲ." ಅಜ್ಜನ ವಿಷಯದಲ್ಲಿ ಫೇಲಾದ ಮೇಲೆ ಕಾರಣ ಸಿಗುತ್ತಿತ್ತು. ಅಂದು ಅಮಾವಾಸ್ಯೆ ಹತ್ತಿರ ಇತ್ತು. ಇನ್ನೂ ಐವತ್ತು ಅಡಿ ಹೋಗಬೇಕಿತ್ತು. ಮೊದಲು ಹೇಳಿದ ಮಿತಿಗೂ ಆಮೇಲೆ ಹುಡುಕಿದ ನೆಪಕ್ಕೂ ಬಹಳ ದೂರ.

ಎರಡು ವರ್ಷದ ನಂತರ ಅಜ್ಜ ಯಾವುದೋ ಮದುವೆಗೆ ನಮ್ಮೂರಿಗೆ ಬಂದಿದ್ದರು. ನಾನು ಕೇಳಿಕೊಂಡೆ. "ಅಜ್ಜಾ, ಒಮ್ಮೆ ಕಣ್ಣು ಕಟ್ಟಿಕೊಂಡು ನಡೆದು ನೋಡ್ತೀರಾ?" ನಕ್ಕು ಒಪ್ಪಿದರು. ಮೊದಲು ಕಣ್ಣು ತೆರೆದೇ ಹೊಲದಲ್ಲಿ ಮೂರು ಸಲ ನಡೆದರು. ಮೂರು ಸಲವೂ ಕಾಯಿ ಒಂದೇ ಜಾಗದಲ್ಲಿ ಎದ್ದಿತು, ಹಳೇ ಬೇವಿನ ಮರದಿಂದ ಹತ್ತು ಮಾರು ದೂರ. ಅಲ್ಲಿ ಒಂದು ಕಲ್ಲು ಇಟ್ಟೆವು. ಆಮೇಲೆ ಟವೆಲ್‌ನಿಂದ ಕಣ್ಣು ಕಟ್ಟಿದೆ. ಒಂದೆರಡು ಸುತ್ತು ತಿರುಗಿಸಿ, ಕೈ ಹಿಡಿದು, ಬೇರೆ ಬೇರೆ ಬದಿಯಿಂದ ನಡೆಸಿದೆ. ಕಾಯಿ ಎದ್ದಲ್ಲೆಲ್ಲ ಒಂದೊಂದು ಕಲ್ಲು. ಏಳು ಸಲ ನಡೆದರು. ಏಳು ಕಲ್ಲು ಹೊಲದ ತುಂಬ ಚದುರಿ ಬಿದ್ದಿದ್ದವು. ಬೇವಿನ ಮರದ ಹತ್ತಿರ ಒಂದೂ ಇರಲಿಲ್ಲ. ಎರಡು ಸಲ ಅವರು ಆ ಮೊದಲ ಕಲ್ಲನ್ನೇ ದಾಟಿ ಹೋಗಿದ್ದರು, ಕಾಯಿ ಅಲ್ಲಾಡಿರಲಿಲ್ಲ.

ಅಜ್ಜ ತಾವೇ ಟವೆಲ್ ಬಿಚ್ಚಿದರು. ಕಲ್ಲುಗಳನ್ನು ಒಂದೊಂದಾಗಿ ನೋಡಿದರು. ಬದುವಿನ ಮೇಲೆ ಕೂತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ತಮ್ಮಾ, ನಾ ಎಂದೂ ಸುಳ್ಳ ಹೇಳಿಲ್ಲೋ. ಕಾಯಿ ತಾನ ಏಳತೈತಿ" ಅಂದರು. ನಾನು ಅವರ ಪಕ್ಕ ಕೂತು ಹೇಳಿದೆ. "ನೀವು ಸುಳ್ಳು ಹೇಳಿಲ್ಲ ಅಜ್ಜಾ. ನಿಮ್ಮ ಕೈ ನಿಮಗೆ ಹೇಳದೆ ಅಲ್ಲಾಡ್ತದೆ."

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. 1853ರಲ್ಲಿ ಇಂಗ್ಲೆಂಡಿನಲ್ಲಿ ಮೇಜಿನ ಸುತ್ತ ಕೂತು ಕೈ ಇಟ್ಟರೆ ಮೇಜು ತಾನೇ ತಿರುಗುತ್ತದೆ ಅನ್ನುವ ಹುಚ್ಚು ಹಬ್ಬಿತ್ತು. ವಿದ್ಯುತ್ತಿನ ಕೆಲಸದಿಂದ ಹೆಸರಾದ ಮೈಕಲ್ ಫ್ಯಾರಡೆ ಕೈಗೂ ಮೇಜಿಗೂ ನಡುವೆ ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ. ಮೇಜೇ ಮೊದಲು ಸರಿದರೆ ಕೆಳಗಿನ ಹಾಳೆ ಮುಂದೆ ಹೋಗಬೇಕು. ಕೈ ಮೊದಲು ಸರಿದರೆ ಮೇಲಿನದು. ಮುಂದೆ ಹೋಗಿದ್ದು ಮೇಲಿನ ಹಾಳೆ. ಕೂತವರು ಮೋಸ ಮಾಡುತ್ತಿರಲಿಲ್ಲ. ತಮ್ಮ ಕೈ ತಳ್ಳುತ್ತಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ಅಂಗೈ ಮೇಲಿನ ಕಾಯಿಯೂ ಹೀಗೇ. ಅದಕ್ಕೆ ಕೂದಲೆಳೆಯಷ್ಟು ಓರೆ ಸಾಕು. 1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನೀರು ನೋಡುವ ಸುಮಾರು 30 ಜನರನ್ನು ಮೂರು ದಿನ ಪರೀಕ್ಷೆ ಮಾಡಿದರು. ನೆಲದಡಿ ಪೈಪು ಹೂತು, ಈಗ ಅದರಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಹೇಳಿ ಅಂದರು. ಪರೀಕ್ಷೆ ನ್ಯಾಯವಾಗಿದೆ ಅಂತ ಅವರೆಲ್ಲ ಮೊದಲೇ ಒಪ್ಪಿದ್ದರು. ಬಂದ ಉತ್ತರಗಳು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಅಜ್ಜನನ್ನು ನಾನು ಅವಮಾನ ಮಾಡಿದೆನೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಮೋಸಗಾರ ಅಂತ ಬೆನ್ನ ಹಿಂದೆ ಬೈದಿದ್ದರೆ ಅದು ಅವಮಾನ. ಅವರ ಒಪ್ಪಿಗೆ ಪಡೆದು, ಅವರ ಜೊತೆಗೇ ನಡೆದು, ಅವರ ಕಣ್ಣೆದುರೇ ಕಲ್ಲು ಎಣಿಸಿದೆವು. ಮುಂದಿನ ಬೇಸಿಗೆಯಿಂದ ಯಾರು ಕರೆದರೂ ಅಜ್ಜ "ನೋಡ್ತೀನಿ, ಖರೆ ಸಾಲ ಮಾಡಿ ಕೊರಸಬ್ಯಾಡ್ರಿ" ಅನ್ನತೊಡಗಿದರು. ಆ ಒಂದು ಮಾತು ಎಷ್ಟು ಮನೆ ಉಳಿಸಿತೋ. ಅಪ್ಪನ ವಹಿಯಲ್ಲಿ ಒಂದು ಕಾಲಂ ರೂಪಾಯಿಯದೂ ಇತ್ತು ಅಂದೆನಲ್ಲ. ಆ ಸಾಲ ತೀರಲು ನಮಗೆ ಹನ್ನೊಂದು ವರ್ಷ ಹಿಡಿಯಿತು.

ಇನ್ನು ಗೋಳಗುಮ್ಮಟ. ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಮಾತು: ಜಗತ್ತಿನಲ್ಲೇ ಎರಡನೇ ದೊಡ್ಡ ಗುಮ್ಮಟ. ನೋಡುವವನು ಇಲ್ಲಿ ಏನು ಕೇಳುತ್ತಾನೆ? ಯಾವುದರಲ್ಲಿ ಎರಡನೆಯದು, ಯಾವ ಕಾಲಕ್ಕೆ, ಎಲ್ಲಿಂದ ಎಲ್ಲಿಗೆ ಅಳತೆ ಹಿಡಿದಿರಿ? ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್, ಒಳಗಿನದು ಸುಮಾರು 38. ರೋಮಿನ ಪ್ಯಾಂಥಿಯಾನ್ ಹತ್ತೊಂಬತ್ತು ಶತಮಾನದಷ್ಟು ಹಳೆಯದು, ಅದರ ಒಳಗಿನ ಅಳತೆಯೇ 43 ಮೀಟರಿಗಿಂತ ಸ್ವಲ್ಪ ಜಾಸ್ತಿ. ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟವೂ ನಮ್ಮದಕ್ಕಿಂತ ಅಗಲ. 1965ರಲ್ಲಿ ಹ್ಯೂಸ್ಟನ್‌ನಲ್ಲಿ ಕಟ್ಟಿದ ಆಟದ ಮೈದಾನದ ಮುಚ್ಚಿಗೆ 600 ಅಡಿಗಿಂತ ಜಾಸ್ತಿ. ಅಂದರೆ ಅಗಲದ ಲೆಕ್ಕದಲ್ಲಿ 'ಎರಡನೆಯದು' ಅನ್ನುವುದು ನಿಲ್ಲುವುದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ನೋಡಿದ ಹಾಗೆ. ನೆಲ ಅಳೆಯೋಣ. ಗೋಳಗುಮ್ಮಟದ ಒಳಗಿನ ಕೋಣೆ ಚೌಕ, ಒಂದೊಂದು ಬದಿ ಸುಮಾರು 135 ಅಡಿ. ಗುಣಿಸಿದರೆ 18,000 ಚದರ ಅಡಿಗೂ ಮೇಲೆ. ಪ್ಯಾಂಥಿಯಾನಿನದು ದುಂಡು ಕೋಣೆ, 142 ಅಡಿ ಅಡ್ಡಳತೆ, ಲೆಕ್ಕ ಹಾಕಿದರೆ 16,000ದ ಒಳಗೇ ಬರುತ್ತದೆ. ನೆಲದ ಲೆಕ್ಕದಲ್ಲಿ ನಮ್ಮದೇ ದೊಡ್ಡದು! ನಡುವೆ ಒಂದು ಕಂಬವಿಲ್ಲ. ಕೋಣೆಗಿಂತ ಚಿಕ್ಕದಾದ ಗುಮ್ಮಟ ಇಷ್ಟು ದೊಡ್ಡ ಚೌಕದ ಮೇಲೆ ಹೇಗೆ ಕೂತಿದೆ? ಒಂದನ್ನೊಂದು ಕತ್ತರಿಸಿ ಹೋಗುವ ಕಮಾನುಗಳನ್ನು ಮೇಲಕ್ಕೆ ಎಬ್ಬಿಸಿ, ಚೌಕವನ್ನು ಒಳಮುಖವಾಗಿ ತಂದು, ಅದರ ಮೇಲೆ ದುಂಡನ್ನು ಕೂರಿಸಿದ್ದಾರೆ. 17ನೇ ಶತಮಾನದ ನಡುಭಾಗದ ಕೆಲಸ ಇದು. ಈ ಲೆಕ್ಕ ಹಾಕಿದ ದಿನ ನಾನು ಮತ್ತೆ ಒಳಗೆ ಹೋಗಿ ಮೂಲೆಯಲ್ಲಿ ನಿಂತು ಕತ್ತೆತ್ತಿ ಆ ಕಮಾನುಗಳನ್ನು ನೋಡಿದೆ. ಎಷ್ಟೋ ಸಲ ಹೋಗಿದ್ದೆ, ಎಂದೂ ಅವನ್ನು ನೋಡಿರಲಿಲ್ಲ. 'ಎರಡನೇ ದೊಡ್ಡದು' ಅನ್ನುವ ಮಾತೇ ಅವನ್ನು ಮರೆಮಾಡಿತ್ತು.

ಇದೇ ಊರಿನಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿ ಅವರ ಕೆಲಸವನ್ನೂ ನಾನು ಇದೇ ಸಾಲಿನಲ್ಲಿ ಇಡುತ್ತೇನೆ. ಮನೆ ಮನೆ ತಿರುಗಿ ವಚನದ ತಾಡೋಲೆ ಕೂಡಿಸಿದರು. ಸ್ವಂತ ಮನೆ ಮಾರಿ ಅಚ್ಚು ಹಾಕಿಸಿದರು. ತಾಡೋಲೆ ಅಂದರೆ ಕೈಯಿಂದ ಕೈಗೆ ನಕಲಾದದ್ದು. ಬರೆಯುವವನ ಕೈ ತಪ್ಪುತ್ತದೆ. ಒಂದು ಪ್ರತಿಯಲ್ಲಿ ಇರುವ ಸಾಲು ಇನ್ನೊಂದರಲ್ಲಿ ಇರುವುದಿಲ್ಲ. ಯಾರೋ ಸೇರಿಸಿದ್ದು ಎಲ್ಲಿಯೋ ನುಸುಳಿರುತ್ತದೆ. ವಚನ ಸಂಪಾದಿಸುವವರು ಪ್ರತಿಗಳನ್ನು ಪಕ್ಕ ಪಕ್ಕ ಇಟ್ಟು, ಈ ಪದ ನಿಜವಾಗಿ ಬಸವಣ್ಣನದೇ ಅಂತ ಕೇಳಲೇಬೇಕು. ಇದು ಬಸವಣ್ಣನ ಮೇಲಿನ ಅನುಮಾನವೇ? ಅವನ ಮಾತು ಅವನದಾಗಿಯೇ ಉಳಿಯಲಿ ಅನ್ನುವ ಪ್ರೀತಿ ಅದು. ಇದೇ ಜಿಲ್ಲೆಯಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿ ಅವರೂ ಶಾಸನ, ತಾಡೋಲೆ ಓದುತ್ತಾ ಇಡೀ ಜೀವ ಸವೆಸಿದವರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅವರ ಎಲ್ಲ ತೀರ್ಮಾನ ಒಪ್ಪಬೇಕು ಅಂತಿಲ್ಲ. ತಪ್ಪಿದ್ದರೆ ಇನ್ನೊಂದು ಶಾಸನ ತಂದು ತೋರಿಸಬಹುದಿತ್ತು. ನನಗೆ ಈ ಮಾತನ್ನು ಇದಕ್ಕಿಂತ ಮುಂದೆ ಆಡಲು ಆಗುವುದಿಲ್ಲ.

ಈಗ ಬಳಕೆಗೆ ಬರೋಣ. ಪತ್ರಿಕೆ, ಟಿವಿಯಲ್ಲಿ 'ಲಸಿಕೆ ಸ್ಕೆಪ್ಟಿಕ್', 'ಹವಾಮಾನ ಸ್ಕೆಪ್ಟಿಕ್' ಅಂತ ಬರುತ್ತದೆ. ಈ ಬಳಕೆ ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2021ರಲ್ಲಿ ಕೋವಿಡ್ ಲಸಿಕೆ ಹಾಕುವಾಗ ನಮ್ಮ ಓಣಿಯಲ್ಲಿ ಇಬ್ಬರನ್ನು ಕಂಡೆ. ಒಬ್ಬ ಅತ್ತಿ, ಅರವತ್ತೈದು ದಾಟಿದವರು, ಆಶಾ ಕಾರ್ಯಕರ್ತೆಯನ್ನು ಕಟ್ಟೆ ಮೇಲೆ ಕೂರಿಸಿಕೊಂಡು ಕೇಳಿದರು. ಜ್ವರ ಬರ್ತದೇನು? ಎಷ್ಟು ದಿನ? ಸಕ್ಕರೆ ಕಾಯಿಲೆಯವರು ತಗೋಬಹುದೇನು? ನೀ ತಗೊಂಡಿಯೇನವ್ವ? ಉತ್ತರ ಬಂತು. ಮರುದಿನ ಹೋಗಿ ಚುಚ್ಚಿಸಿಕೊಂಡು ಬಂದರು. ಪಕ್ಕದ ಮನೆಯವರೊಬ್ಬರು ಮಾತ್ರ "ಯಾರು ಏನ್ ಹೇಳಿದ್ರೂ ನಾ ನಂಬಂಗಿಲ್ಲ" ಅಂದರು. ಏನು ತೋರಿಸಿದರೆ ನಂಬುತ್ತೀರಿ ಅಂತ ಕೇಳಿದೆ. "ಏನೂ ತೋರಸ್ಬ್ಯಾಡ್ರಿ" ಅಂದರು.

ಸೆಕ್ಸ್‌ಟಸ್ ಹೇಳಿದ ಮೂರು ಬಗೆ ನೆನಪಿದೆಯಲ್ಲ? ಅತ್ತಿ ಹುಡುಕುವವರು. ಈ ನೆರೆಯವರು ಹುಡುಕುವುದನ್ನೇ ನಿಲ್ಲಿಸಿದವರು. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಪದವೇ ಇದೆ: ಹಟ. ಹಟಕ್ಕೆ ಸ್ಕೆಪ್ಟಿಸಿಸಂ ಅಂತ ಹೆಸರು ಕೊಟ್ಟರೆ ಅತ್ತಿಯಂಥವರಿಗೆ ಅನ್ಯಾಯ. ಪ್ರಶ್ನೆ ಕೇಳಿದ ತಕ್ಷಣ ಅವರನ್ನೂ ಮೊಂಡರ ಸಾಲಿಗೆ ನೂಕಿದ ಹಾಗೆ. ಆಶಾ ಕಾರ್ಯಕರ್ತೆ ಅವತ್ತು ಅವರನ್ನು ಗದರಿಸಿದ್ದರೆ ಬಹುಶಃ ಅವರೂ ಬಾಗಿಲು ಹಾಕಿಕೊಳ್ಳುತ್ತಿದ್ದರು.

ನಂಬುವುದಾದರೆ ಎಷ್ಟು ನಂಬಬೇಕು? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರಲ್ಲೇ ಇದಕ್ಕೆ ಉತ್ತರ ಕೊಟ್ಟ: ಸಾಕ್ಷಿ ಎಷ್ಟಿದೆಯೋ ನಂಬಿಕೆ ಅಷ್ಟಿರಲಿ. ನಮ್ಮವರು ಇದನ್ನು ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಸಾಕ್ಷಿ ಹಾಸಿಗೆ, ನಂಬಿಕೆ ಕಾಲು. ಪೇಟೆಯಲ್ಲಿ ಇವತ್ತು ಈರುಳ್ಳಿ ದರ ಇಳಿದಿದೆ ಅಂತ ಗೆಳೆಯ ಹೇಳಿದರೆ ಅವನ ಮಾತೇ ಸಾಕು. ತಿಂಗಳಲ್ಲಿ ಹಣ ಎರಡರಷ್ಟು ಮಾಡಿಕೊಡುತ್ತೇನೆ ಅಂದರೆ ಆ ಹಾಸಿಗೆಯ ಮೇಲೆ ಕಾಲು ಚಾಚಬೇಡಿ. ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅಂದರೆ ಫೋನ್ ಇಟ್ಟುಬಿಡಿ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲಿ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಕರ್ತವ್ಯಗಳಿವೆ. 1976ರಲ್ಲಿ ಸೇರಿಸಿದ್ದು. ವೈಜ್ಞಾನಿಕ ಮನೋಭಾವದ ಜೊತೆಗೆ ಅಲ್ಲಿ ಕೇಳಿ ತಿಳಿಯುವ ಗುಣವನ್ನೂ ಬೆಳೆಸಿಕೊಳ್ಳಬೇಕು ಅಂತ ಇದೆ. ಕೇಳುವುದು ಹಕ್ಕು ಅಂತ ನಾವು ಅಂದುಕೊಂಡಿದ್ದೇವೆ. ಅದು ಕರ್ತವ್ಯದ ಪಟ್ಟಿಯಲ್ಲಿದೆ. ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದರಲ್ಲ ಯಜಮಾನರು, ಅವರು ಇವತ್ತು ಈ ಸಭೆಯಲ್ಲಿ ಆ ಕರ್ತವ್ಯ ಮೊದಲು ಮಾಡಿದವರು.

ನನ್ನ ಮಾತು ಇಷ್ಟೇ ಇತ್ತು. ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟಿದ್ದರು. ಅದನ್ನೂ ಇಲ್ಲಿ ಬರೆಯಬೇಕು.

ಮೂರನೇ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. "ಸರ್, ಒಂದು ಡೌಟು. ಗೋಳಗುಮ್ಮಟದ ಅಗಲ ಹೇಳಿದ್ರಿ, ನೆಲ ಹೇಳಿದ್ರಿ. ಒಳಗೆ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತೆ ಅಂತಾರೆ. ನಮ್ಮ ಮನೆಯಲ್ಲಿ ಹತ್ತು ಅಂತಾರೆ. ನೀವು ಎಣಿಸಿದ್ದೀರಾ?"

ಎಣಿಸಿರಲಿಲ್ಲ. ಮೂವತ್ತು ವರ್ಷ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಏಳು ಅಂತಲೇ ಹೇಳಿದ್ದೆ. ಅದನ್ನೇ ಅವಳಿಗೆ ಹೇಳಿದೆ. ಆಮೇಲೆ ವೇದಿಕೆಯಿಂದಿಳಿದು ಐದಾರು ಜನ ಸೇರಿ ಮಾತಾಡಿದೆವು. ಕೂಗುವುದಕ್ಕಿಂತ ಚಪ್ಪಾಳೆ ಒಳ್ಳೆಯದು, ಅದು ಚಿಕ್ಕ ಸದ್ದು, ಒಂದರ ಮೇಲೊಂದು ಬೀಳುವುದಿಲ್ಲ ಅಂದಳು ಅವಳು. ಫೋನಿನಲ್ಲಿ ಧ್ವನಿ ಹಿಡಿದು ಆಮೇಲೆ ಗೆರೆ ನೋಡಿ ಎಣಿಸಬಹುದು ಅಂದ ಇನ್ನೊಬ್ಬ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರಿಗೆ ಹೇಳದೆ ಚೀಟಿಯಲ್ಲಿ ಬರೆದಿಡಬೇಕು ಅಂತ ಮುಂದಿನ ಸಾಲಿನ ಆ ಹಿರಿಯರು ಸೇರಿಸಿದರು. ಭಾನುವಾರ ಬೆಳಿಗ್ಗೆ, ಜನ ಸೇರುವ ಮುಂಚೆ, ಗೇಟಿನ ಹತ್ತಿರ ಸೇರುವುದು ಅಂತ ಆಗಿದೆ. ಹಿರಿಯರೂ ಬರುತ್ತಾರಂತೆ. ಮೆಟ್ಟಿಲು ಹತ್ತಲು ಅವರ ಕೈ ಹಿಡಿಯುವುದು ನನ್ನ ಪಾಲಿನ ಕೆಲಸ.